ಎಂಟೂವರೆಯ ಚಹಾ

ರಾಮತೀರ್ಥ ನಗರದ ಆ ಬಾಡಿಗೆ ಮನೆಯ ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು. ಒಂದು ಬೆಳಗಾವಿಯ ಕಾಲ ತೋರಿಸುತ್ತಿತ್ತು, ಇನ್ನೊಂದು ಶಿವಲಿಂಗನ ಹಡಗಿನ ಕಾಲ. ಶಿವಲಿಂಗ ಸರಕು ಹಡಗಿನಲ್ಲಿ ಅಡುಗೆಯವನು. ನಸುಕಿನ ನಾಲ್ಕಕ್ಕೆದ್ದು ಇಪ್ಪತ್ತೆರಡು ಮಂದಿಗೆ ನಾಷ್ಟಾ ಮಾಡುವುದು ಅವನ ಕೆಲಸ. ಕುರಿ ಕಾಯುವ ಮನೆತನದವನು ಸಮುದ್ರಕ್ಕೆ ಹೇಗೆ ಬಿದ್ದ ಎಂದು ಕೇಳಬೇಡಿ, ಅದೇ ಬೇರೆ ಪುರಾಣ. ಐದು ತಿಂಗಳಿನಿಂದ ಬ್ರೆಜಿಲ್ ದಂಡೆಯ ಬಂದರುಗಳ ನಡುವೆ ಅಡ್ಡಾಡುತ್ತಿದ್ದ. ಹೋದ ಹೊಸತರಲ್ಲಿ ಫೋನು ಮಾಡಿ, ನಮಗೂ ನಿಮಗೂ ಎಂಟೂವರೆ ತಾಸು ಫರಕು ಎಂದಿದ್ದ, ಅಷ್ಟರಲ್ಲಿ ಲೈನು ಕಟ್ಟಾಗಿತ್ತು. ಹೆಂಡತಿ ಪ್ರಮಿಳಾ ಕುರ್ಚಿ ಹತ್ತಿ ಎರಡನೆಯ ಗಡಿಯಾರದ ಮುಳ್ಳನ್ನು ಎಂಟೂವರೆ ತಾಸು ಮುಂದಕ್ಕೆ ತಿರುಗಿಸಿದಳು. ಹಿಂದಕ್ಕೆ ತಿರುಗಿಸಬೇಕೋ ಏನೋ ಎಂಬ ಅನುಮಾನ ಬಂದಿತ್ತು, ಇಲ್ಲವೆಂದಲ್ಲ. ಆದರೆ ನೀರಿನ ಮೇಲಿರುವ ಗಂಡನ ಕಾಲವನ್ನು ಹಿಂದಕ್ಕೆ ತಿರುಗಿಸಲು ಯಾವ ಹೆಂಡತಿಗೆ ಕೈ ಬಂದೀತು?

ಅವಳ ಲೆಕ್ಕದಲ್ಲಿ ಇಲ್ಲಿ ಬೆಳಿಗ್ಗೆ ಎಂಟೂವರೆ ಆದಾಗ ಅಲ್ಲಿ ಸಂಜೆ ಐದು, ಚಹಾದ ಹೊತ್ತು. ಶಾಲೆಯ ಆಫೀಸಿನ ಕೆಲಸಕ್ಕೆ ಹೊರಡುವ ಮುಂಚೆ ದಿನವೂ ಕಪ್ಪು ಹಿಡಿದು ವಿಡಿಯೋ ಕರೆ ಮಾಡುತ್ತಿದ್ದಳು. ಅವನು ಒಂದೇ ರಿಂಗಿಗೆ ಎತ್ತುತ್ತಿದ್ದ. ಅವನ ಹಿಂದೆ ಕಿಟಕಿಯಿಲ್ಲದ ಕೋಣೆ, ಹಳದಿ ದೀಪ. ಚಹಾ ಆಯಿತೇ ಎಂದರೆ ಅವನೂ ಒಂದು ಕಪ್ಪು ಎತ್ತಿ ತೋರಿಸುತ್ತಿದ್ದ. ಕಣ್ಣು ಯಾಕೆ ಕೆಂಪಗಿವೆ ಎಂದರೆ ಒಲೆಯ ಉರಿ ಎನ್ನುತ್ತಿದ್ದ. ಅವಳು ನಂಬುತ್ತಿದ್ದಳು.

ಈಗ ಅವನು ಊರಿಗೆ ಬಂದು ನಾಲ್ಕು ದಿನ. ಅವಳಿಗೆ ದಸರಾ ಸೂಟಿ. ಮದುವೆಯಾಗಿ ಮೂರು ವರ್ಷವಾದರೂ ಇಬ್ಬರೂ ಕೂಡಿ ಎಲ್ಲಿಗೂ ಹೋದದ್ದಿಲ್ಲ. ಈ ಸಲ ಪರದೇಶಕ್ಕೇ ಹೋಗಬೇಕು, ಅವನು ದಿನವೂ ನೋಡುವ ಸಮುದ್ರದ ಮುಂದೆ ತಾನೂ ಒಮ್ಮೆ ನಿಲ್ಲಬೇಕು ಎಂದು ಪ್ರಮಿಳಾ ಹಟ ಹಿಡಿದಿದ್ದಳು. ಅವನಿಗೋ ಖಾನಾಪುರದಾಚೆ ಹಲಸಿಯಲ್ಲಿ ತಾಯಿ ಮಾಯಕ್ಕನ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿದರೆ ಸಾಕಿತ್ತು. ಹೂಂ ಎನ್ನದೆ, ಊಹೂಂ ಎನ್ನದೆ, ನಿನ್ನ ಇಷ್ಟ ಎಂದು ಮಗ್ಗುಲು ಬದಲಿಸುತ್ತಿದ್ದ.

ಆ ನಿದ್ದೆಯಾದರೂ ಎಂಥದ್ದು! ಊರೆಲ್ಲ ಏಳುವ ಹೊತ್ತಿಗೆ ಅವನಿಗೆ ಜೊಂಪು. ಪರದೆ ಎಳೆದ ಕೋಣೆಯಲ್ಲಿ ಮಧ್ಯಾಹ್ನದವರೆಗೂ ರಾತ್ರಿ. ಮನೆ ತುಂಬ ಅವನ ಉಸಿರು, ಎರಡು ಗಡಿಯಾರಗಳ ಟಿಕ್‌ಟಿಕ್. ಮನೆಯೇ ಮೆಲ್ಲಗೆ ಎತ್ತಲೋ ತೇಲುತ್ತಿದೆ ಎಂದು ಪ್ರಮಿಳಾಳಿಗೆ ಅನಿಸುತ್ತಿತ್ತು. ಆದರೆ ಎಂಟೂವರೆಗೆ ಸರಿಯಾಗಿ ಅವನು ದಡಕ್ಕನೆ ಎದ್ದು ಕೂಡುತ್ತಿದ್ದ. ಅರೆಗಣ್ಣಿನಲ್ಲೇ ದಿಂಬಿನ ಕೆಳಗೆ ಕೈಯಾಡಿಸಿ, ಫೋನು ತೆಗೆದು ನೋಡಿ, ಯಾರ ಕರೆಯೂ ಇಲ್ಲವೆಂದು ಮತ್ತೆ ಒರಗುತ್ತಿದ್ದ. ನಾಲ್ಕು ದಿನವೂ ಇದೇ ಪಾಡು. ಹೆಂಡತಿ ಎದುರಿಗೇ ಇರುವಾಗ ಈತ ಕಾಯುವ ಕರೆ ಯಾರದು? ಲೋಕ ತಿರುಗಿದವನಿಗೆ ತನ್ನ ಜೊತೆ ತಿರುಗಲು ಮಾತ್ರ ಯಾಕೆ ಬೇಸರ? ಕೇಳಲು ಹೆದರಿಕೆ, ಉತ್ತರ ಬಂದುಬಿಟ್ಟರೆ ಎಂದು.

ಐದನೆಯ ದಿನ ಒಬ್ಬಳೇ ಹಿಂದವಾಡಿಯ ಟ್ರಾವೆಲ್ಸ್ ಆಫೀಸಿಗೆ ಹೋದಳು. ಅಲ್ಲಿ ಕೂರುವ ನೀಲಾ ಎಂಬಾಕೆ ದುಬೈ, ಬಾಲಿ ಎರಡರ ಚಿತ್ರಗಳನ್ನೂ ಮೇಜಿನ ಮೇಲೆ ಹರಡಿದಳು. ಎರಡರಲ್ಲೂ ಕಣ್ಣು ತುಂಬುವಷ್ಟು ನೀಲಿ. ಬಾಲಿ ಪೂರ್ವಕ್ಕಿದೆ, ಅಲ್ಲಿಳಿದರೆ ಗಡಿಯಾರ ಎರಡೂವರೆ ತಾಸು ಮುಂದಕ್ಕೆ. ದುಬೈ ಪಶ್ಚಿಮಕ್ಕೆ, ಒಂದೂವರೆ ತಾಸು ಹಿಂದಕ್ಕೆ. ನೀಲಾ ಹೀಗೆ ವಿವರಿಸುತ್ತಿರುವಾಗ ಪ್ರಮಿಳಾ ನಡುವೆಯೇ ತಡೆದಳು.

"ಪಶ್ಚಿಮಕ್ಕ ಹೋದ್ರ ಹಿಂದಕ್ಕ? ಹಂಗಾರ ಇಲ್ಲೆ ಮುಂಜಾನಿ ಎಂಟೂವರಿ ಆದಾಗ ಬ್ರೆಜಿಲ್‌ದಾಗ ಎಷ್ಟರೀ?"

ನೀಲಾ ಕಂಪ್ಯೂಟರಿನಲ್ಲಿ ನೋಡಿದಳು. "ರಾತ್ರಿ ಹನ್ನೆರಡರೀ. ಮಂದಿ ಎಲ್ಲಾ ಮಲಗಿರ್ತಾರ."

ಪ್ರಮಿಳಾ ಬೆರಳು ಮಡಿಸಿ ಲೆಕ್ಕ ಹಾಕಿದಳು. ನಾಲ್ಕಕ್ಕೆ ಏಳಬೇಕಾದವನು ಐದು ತಿಂಗಳು, ಒಂದು ದಿನವೂ ತಪ್ಪದೆ, ಹನ್ನೆರಡಕ್ಕೆದ್ದು ದೀಪ ಹಚ್ಚಿ ಖಾಲಿ ಕಪ್ಪು ಎತ್ತಿ ತೋರಿಸಿದ್ದ. ದಿಂಬಿನ ಕೆಳಗೆ ಅವನು ಹುಡುಕುತ್ತಿದ್ದುದು ಅವಳ ಕರೆಯನ್ನೇ. ನಾಚಿಕೆಯೂ ಸುಖವೂ ಒಟ್ಟಿಗೇ ನುಗ್ಗಿ ಬಂದು, ಮೇಜಿನ ಮೇಲಿನ ಎರಡೂ ಸಮುದ್ರಗಳು ಕಣ್ಣಲ್ಲಿ ಕಲಸಿಹೋದವು. ಮುಂದಿನ ಸೂಟಿಗೆ ಬರುತ್ತೇವೆ, ಬಾಲಿಗೆ ಖಂಡಿತ ಹೋಗುತ್ತೇವೆ ಎಂದು ಹೇಳಿ ಎದ್ದಳು. ನೀಲಾ ಮೂಗು ಮುರಿದಿರಬೇಕು, ನೋಡಲು ಅವಳು ನಿಲ್ಲಲಿಲ್ಲ.

ಮನೆಗೆ ಬಂದಾಗ ಶಿವಲಿಂಗ ಎದ್ದು ರೊಟ್ಟಿ ಮುರಿಯುತ್ತಿದ್ದ. ಅವಳು ಎರಡನೆಯ ಗಡಿಯಾರದತ್ತ ಬೆರಳು ಮಾಡಿದಳು.

"ಯಾಕ ಹೇಳ್ಲಿಲ್ರಿ?"

ಅವನು ಗಡಿಯಾರ ನೋಡಿದ, ಅವಳನ್ನು ನೋಡಿದ. ಸಿಕ್ಕಿಬಿದ್ದವನಂತೆ ನಕ್ಕ. "ಹಗಲೆಲ್ಲಾ ಅಡಗಿ ಮನ್ಯಾಗ ಗದ್ದಲ. ಆ ಹೊತ್ತೊಂದ ನಮ್ಮಿಬ್ಬರದಿತ್ತು. ನೀ ಸಂಜಿ ಅಂದ್ಕೊಂಡಿದ್ದಿ, ನನಗೂ ಸಂಜಿನ ಅನಸ್ತಿತ್ತು."

ಮರುದಿನ ನಸುಕಿನಲ್ಲೇ ಹೊರಟು ಖಾನಾಪುರ ದಾಟಿ ಹಲಸಿ ಸೇರಿದರು. ಊರಿನ ಮೇಲೆ ಇನ್ನೂ ಮಂಜು; ಹಳೆಯ ಗುಡಿಯ ಶಿಖರ ಅರ್ಧ ಇತ್ತು, ಅರ್ಧ ಇರಲಿಲ್ಲ. ಮಾಯಕ್ಕ ಕಟ್ಟೆಯ ಮೇಲೆ ಕಂಬಳಿ ಹಾಸಿದಳು. ಶಿವಲಿಂಗ ಅದರ ಮೇಲೆ ಬಿದ್ದದ್ದೇ ತಡ, ನಿದ್ದೆ ಹೋದ. ಪ್ರಮಿಳಾ ಅವನ ಬಾಜು ಕೂತು ಮಂಜು ಕರಗುವುದನ್ನು ನೋಡಿದಳು. ಎಲ್ಲೋ ಕುರಿಗಳ ಕೊರಳಗಂಟೆ ಕೇಳುತ್ತಿತ್ತು.

ಅಲ್ಲಿ ಗಡಿಯಾರವಿರಲಿಲ್ಲ. ಆದರೂ ಎಂಟೂವರೆ ಆದದ್ದು ತಿಳಿಯಿತು. ಅವನ ಕೈ ಕಂಬಳಿಯ ಮೇಲೆ ಫೋನಿಗಾಗಿ ತಡಕಾಡತೊಡಗಿತು. ಪ್ರಮಿಳಾ ಆ ಕೈಯೊಳಗೆ ತನ್ನ ಕೈ ಇಟ್ಟಳು.

"ಚಹಾ ಆತೇನು?" ಕಣ್ಣು ತೆರೆಯದೆಯೇ ಕೇಳಿದ.

ಒಳಗೆ ಮಾಯಕ್ಕ ಇನ್ನೂ ಒಲೆ ಹಚ್ಚುತ್ತಿದ್ದಳು.

"ಆತ್ರಿ," ಎಂದಳು ಪ್ರಮಿಳಾ. "ನೀವ್ ಮಲಕೋರಿ."