ಬಾಲ ಎಡಕ್ಕಿದ್ದ ಗೆರೆ

ಎಡ ರೆಕ್ಕೆಯ ಕೀಲಿನ ಮೂರನೆಯ ಬೋಲ್ಟಿನ ಮೇಲಿನ ಕೆಂಪು ಗೆರೆಯ ಬಾಲ ಎಡಕ್ಕಿದೆ, ಕನ್ನಡಕ ಒರೆಸಿಕೊಂಡು ನೋಡಿದರೂ ಎಡಕ್ಕೇ, ತಾವು ಎಳೆದದ್ದಾದರೆ ಬಲಕ್ಕಿರಬೇಕಿತ್ತು, ಮೂವತ್ತೊಂದು ವರ್ಷ ಎಡದಿಂದ ಬಲಕ್ಕೇ ಎಳೆದ ಕೈ ಇದು, ಬೋಲ್ಟಿನ ತಲೆಯ ಮೇಲಿಂದ ಲೋಹದ ಮೈವರೆಗೆ ಒಂದೇ ಗೆರೆ, ಕೊನೆಗೊಂದು ಸಣ್ಣ ಕೊಂಕು, ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಗುಟ್ಟು ಬಯಲಾಗಬೇಕು, ಅದಕ್ಕೇ ಶೆಡ್ಡಿನವರೆಲ್ಲ ಗೆರೆ ಸಾರ್ ಅನ್ನುವುದು, ಬೆನ್ನ ಹಿಂದೆ ಇನ್ನೂ ಏನೇನೋ ಅನ್ನುತ್ತಾರೆ, ಮುದುಕನಿಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾರೆ — ಅಂದರೆ ಯಾರೋ ಇದನ್ನು ಬಿಚ್ಚಿದ್ದಾರೆ, ಬಿಚ್ಚಿ, ಏನೋ ಮಾಡಿ, ಮತ್ತೆ ಹಾಕಿ, ತಮ್ಮ ಗೆರೆಯನ್ನೇ ನಕಲು ಮಾಡಿದ್ದಾರೆ, ಬಾಲದ ವಿಷಯ ಮಾತ್ರ ಕಳ್ಳನಿಗೆ ಗೊತ್ತಿರಲಿಲ್ಲ. ಟಾರ್ಚು ಹಿಡಿದ ಬಲ ಅಂಗೈ ತುರಿಸುತ್ತದೆ, ಹೊಸ ಚರ್ಮ, ಇನ್ನೂ ಗುಲಾಬಿ ಬಣ್ಣ. ಮಾವ, ಸಹಿ ಹಾಕಿಬಿಡಿ, ವಿಮಾನ ಕಾಯ್ತಾ ಇದೆ. ಅಳಿಯನ ದನಿ, ಎಷ್ಟು ನಯ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ, ಅವನಿಗೇಕೆ ಇಷ್ಟು ಅವಸರ, ಕಾಯಲಿ ವಿಮಾನ, ಟ್ರಾಲಿಯ ಮೇಲೆ ಬಾಂಬು ರೆಕ್ಕೆ ಮಡಚಿಕೊಂಡು ಮಲಗಿದೆ, ಹೊರದೇಶದವರು ಕೊಡುವುದಿಲ್ಲ ಅಂದ ದಿನದಿಂದ ಏಳು ವರ್ಷ ಎಲ್ಲರೂ ಸೇರಿ ಸಾಕಿದ ಕೂಸು, ಎಂಬತ್ತು ಕಿಲೋಮೀಟರ್ ದೂರದಲ್ಲಿ ಬಿಟ್ಟರೆ ತಾನೇ ರೆಕ್ಕೆ ಬಿಚ್ಚಿ, ತಾನೇ ದಾರಿ ಹುಡುಕಿ, ಸಮುದ್ರದಲ್ಲಿ ತೇಲಿಬಿಟ್ಟ ಹಳದಿ ತೆಪ್ಪದ ಮೇಲೆ ಇಳಿಯಬೇಕು. ಮೊದಲನೆಯದು ಇಳಿಯಲಿಲ್ಲ. ಎಡ ರೆಕ್ಕೆ ತಡವಾಗಿ ಬಿಚ್ಚಿಕೊಂಡು, ಬುಗುರಿಯ ಹಾಗೆ ಗಿರಗಿರನೆ ಸುತ್ತಿ ನೀರಿಗೆ ಬಿತ್ತು, ದಾರಿ ತೋರಿಸುವ ಪ್ರೋಗ್ರಾಮಿನ ತಪ್ಪೋ ರೆಕ್ಕೆಯ ಕೀಲಿನ ತಪ್ಪೋ ಸಮಿತಿ ಇನ್ನೂ ಹೇಳಿಲ್ಲ, ಪ್ರೋಗ್ರಾಮು ಅಳಿಯನದು, ಕೀಲು ಮಾವನದು, ಅಂದಿನಿಂದ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಸಾರಿಗೆ ಉಪ್ಪು ಸಾಕೇ ಅಂತ ಮಾತ್ರ ಮಾತಾಡುತ್ತಾರೆ, ಮಗಳು ಒಬ್ಬರ ಮುಖ ನೋಡಿ ಒಬ್ಬರಿಗೆ ಬಡಿಸುತ್ತಾಳೆ.

ಈ ಸಲವೂ ಬಿದ್ದರೆ, ಬಿಚ್ಚಿದ ಬೋಲ್ಟಿನಿಂದಲೇ ಬಿದ್ದರೆ, ಅಳಿಯನ ಪ್ರೋಗ್ರಾಮು ಅಪ್ಪಟ ಚಿನ್ನ, ಎರಡು ಸಲದ ತಪ್ಪೂ ಮುದುಕನ ತಲೆಗೆ — ಮೊನ್ನೆ ಕಾರಿಡಾರಿನಲ್ಲಿ ಫೋನ್ ಹಿಡಿದು ಪಿಸುಗುಟ್ಟುತ್ತಿದ್ದ, ಮಾವನಿಗೆ ಗೊತ್ತಾಗೋದು ಬೇಡ, ನಾನೇ ನೋಡ್ಕೋತೀನಿ, ಅಂತ, ಏನು ಗೊತ್ತಾಗಬಾರದು, ಏನು ನೋಡಿಕೊಳ್ಳುತ್ತಾನೆ, ಇವರನ್ನು ಕಂಡೊಡನೆ ನಕ್ಕ, ಆ ನಗು ಗಂಟಲಿಂದ ಕೆಳಗಿಳಿಯಲಿಲ್ಲ. ಎಲ್ಲರನ್ನೂ ಹೀಗೆ ನೋಡ್ತೀರಲ್ಲ, ಎಂದಿದ್ದಳು ಹೆಂಡತಿ, ಕಾಯಿಲೆಯಲ್ಲಿ ದಿಂಬಿಗೆ ಒರಗಿ, ಉಸಿರಿಗೊಂದು ಮಾತಿನಂತೆ, ನರ್ಸು ಔಷಧಿ ಸರಿಯಾಗಿ ಕೊಡುತ್ತಿಲ್ಲವೆಂದು ಶೀಸೆಯ ಮೇಲೆ ಇದೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಟ್ಟಾಗ, ನನಗೂ ಒಂದು ಗೆರೆ ಹಾಕಿಬಿಡಿ, ಎಲ್ಲಾದ್ರೂ ಹೊರಟುಹೋದೇನು. ನಕ್ಕಳು, ನಕ್ಕರೆ ಕೆಮ್ಮು. ಮತ್ತೆ ಕೇಳಿದಳು, ಬಾಂಬು ಮಾಡೋರು ದೇವರ ಹತ್ರ ಏನು ಕೇಳ್ಕೋತೀರಿ ದಿನಾ ಅಷ್ಟು ಹೊತ್ತು, ಗುರಿ ತಪ್ಪದಿರಲಿ ಅಂತ ಕಣೇ, ಗುರಿ ತಪ್ಪಿದರೆ ತಾನೇ ಪಕ್ಕದ ಮನೆ, ಪಕ್ಕದ ಮನೆಯ ಮಕ್ಕಳು. ಶೀಸೆಯಲ್ಲಿ ಔಷಧಿ ಗೆರೆಯವರೆಗೂ ಹಾಗೇ ಇತ್ತು, ಅವಳು ಹೋದ ದಿನ, ಒಂದು ಚಮಚವೂ ಇಳಿದಿರಲಿಲ್ಲ, ನರ್ಸಿನ ಮೇಲೆ ಕೂಗಾಡಿದರು, ಆ ಹೆಂಗಸು ಬಾಗಿಲಲ್ಲೇ ನಿಂತು ಮೆಲ್ಲಗೆ, ಇವತ್ತು ನನಗೆ ರಜೆ ಅಲ್ವಾ ಯಜಮಾನ್ರೇ, ಕೊಡಬೇಕಾದ್ದು ನೀವಲ್ವಾ — ದೇವರೇ, ಅದು ಈಗೇಕೆ, ಈಗ ಬೋಲ್ಟು.

ರಿಜಿಸ್ಟರ್ ತಗೊಂಡು ಬಾ, ಎಂದರು, ದನಿ ಎತ್ತಿಯೇ, ಎಲ್ಲರೂ ಕೇಳಲಿ, ಈ ಬೋಲ್ಟು ಯಾರು ಬಿಗಿದದ್ದು, ಯಾವ ದಿನ, ಯಾರ ಸಹಿ, ಇವತ್ತು ತಿಳಿದುಹೋಗಲಿ. ಅಳಿಯ ಕದಲಲಿಲ್ಲ. ಬೇಡ ಬಿಡಿ ಮಾವ, ನಾನೇ ಇನ್ನೊಂದು ಸಲ ಬಿಗಿಸ್ತೀನಿ, ಯಾರಿಗೂ ಹೇಳೋದೇನಿಲ್ಲ. ಸಿಕ್ಕಿಬಿದ್ದ, ನೋಡಿ ಹೇಗೆ ಬೆವರುತ್ತಿದ್ದಾನೆ, ತಂದುಕೊಡು ಅಂದರೆ ತಂದುಕೊಡು. ತಂದ. ಎಡ ರೆಕ್ಕೆ, ಮೂರನೆಯ ಬೋಲ್ಟು, ಸಾಲಿನ ಮೇಲೆ ಬೆರಳು ಜಾರುತ್ತದೆ, ತಾರೀಖು, ಸಹಿ, ಸಹಿ ತಮ್ಮದೇ, ಆದರೆ ಸೊಟ್ಟ, ಅಕ್ಷರಗಳು ಹಿಂದಕ್ಕೆ ವಾಲಿವೆ, ಎಡಗೈಯವನು ಬರೆದ ಹಾಗೆ. ಆ ತಾರೀಖು. ಅವಳು ಹೋದ ಹದಿನಾಲ್ಕನೆಯ ದಿನ, ಮಗಳು ಬೇಡ ಅಪ್ಪಾ ಅಂದರೂ ಕೆಲಸಕ್ಕೆ ಬಂದ ದಿನ, ಹಿಂದಿನ ಸಂಜೆ ಅವಳಿಗೆ ಹಬೆ ಕೊಡುವ ಹೊತ್ತಾಯಿತೆಂದು ಅಭ್ಯಾಸಬಲದಿಂದ ಪಾತ್ರೆ ಒಲೆಗಿಟ್ಟು, ಅವಳಿಲ್ಲ ಎಂಬುದು ನೆನಪಾದ ಗಳಿಗೆಯಲ್ಲಿ ಬರಿಗೈಯಿಂದಲೇ ಎತ್ತಿಬಿಟ್ಟದ್ದು, ಬಲಗೈ ಪೂರ್ತಿ ಬ್ಯಾಂಡೇಜು, ಪೆನ್ನು ಎಡಗೈಯಲ್ಲಿ. ಬಾಲ ಎಡಕ್ಕೆ. ಕಳ್ಳನಿಗೆ ಗೊತ್ತಿಲ್ಲದ ಬಾಲ. ಆ ವಾರ ನೀವು ಬಿಗಿದ ಬೋಲ್ಟುಗಳನ್ನ ಒಂದ್ಸಲ ನೋಡಿಬಿಡೋಣ ಅಂತ ಮೊನ್ನೆ ಸ್ಟೋರಿಗೆ ಫೋನ್ ಮಾಡಿದ್ದೆ ಮಾವ, ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ, ಅಷ್ಟರಲ್ಲಿ ಪರೀಕ್ಷೆಯ ದಿನಾನೇ ಮುಂಚೆ ಬಂದುಬಿಡ್ತು. ಅಳಿಯ ನೆಲ ನೋಡುತ್ತಿದ್ದಾನೆ. ಎಡಗೈಯಲ್ಲಿ ಗೆರೆ ಎಳೆದದ್ದು ಸರಿ, ಎಡಗೈಯಲ್ಲಿ ರೆಂಚು ಹಿಡಿದಿದ್ದರೇ, ಸಾಕಷ್ಟು ಬಿಗಿಯಾದಾಗ ಅದು ಟಕ್ ಅನ್ನಬೇಕು, ಟಕ್ ಕೇಳದೆ ಗೆರೆ ಎಳೀಬೇಡಿ ಅಂತ ಎಷ್ಟು ಜನಕ್ಕೆ ಹೇಳಿಕೊಟ್ಟಿಲ್ಲ, ಆ ದಿನ ಕೇಳಿಸಿತ್ತೇ, ಕಿವಿಯಲ್ಲಿ ಅವಳ ಕೆಮ್ಮು ಮಾತ್ರ ಇತ್ತು, ಅದರ ಆಚೆ ಏನೂ ನೆನಪಿಲ್ಲ, ಸಹಿಯ ಜಾಗ ಖಾಲಿ ಇದೆ, ಹೊರಗೆ ಪೈಲಟ್ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟು ಯಾರದೋ ಜೋಕಿಗೆ ನಗುತ್ತಿದ್ದಾನೆ, ಅವನ ವಿಮಾನದ ಹೊಟ್ಟೆಯ ಕೆಳಗೇ ಈ ರೆಕ್ಕೆ ಬಿಚ್ಚಿಕೊಂಡರೆ. ರೆಂಚು ಕೊಡಪ್ಪ. ಮಾವ, ನಾನು — ಕೊಡು. ಬೋಲ್ಟಿನ ತಲೆಗೆ ಕೂರಿಸಿದರು, ಹೊಸ ಚರ್ಮ ಉರಿಯಿತು, ದೇವರೇ ಟಕ್ ಅನ್ನಲಿ, ಈಗಲೇ ಅನ್ನಲಿ, ಕದಲದೆ ಅನ್ನಲಿ. ಕದಲಿತು. ಕಾಲು ಸುತ್ತು, ಅರ್ಧ ಸುತ್ತು, ಬೆಣ್ಣೆಯಂತೆ, ಆಮೇಲೆ, ಎಷ್ಟೋ ಆಮೇಲೆ, ಟಕ್. ರೆಂಚು ತೆಗೆದು ಟಾರ್ಚು ಹಿಡಿದರು. ಗೆರೆ ಎರಡಾಗಿದೆ. ಅರ್ಧ ಬೋಲ್ಟಿನ ಮೇಲೆ ಎತ್ತಲೋ ತಿರುಗಿ, ಅರ್ಧ ಲೋಹದ ಮೈಮೇಲೆ, ಬಾಲ ಎಡಕ್ಕೆ. ಶೀಸೆಯ ಮೇಲೂ ಗೆರೆ, ಗೆರೆಯವರೆಗೂ ಔಷಧಿ. ಮಾವ, ಕೂತ್ಕೊಳ್ಳಿ. ಗೆರೆಯವರೆಗೂ ಔಷಧಿ. ಗೆರೆಯವರೆಗೂ.