ಹದಿನಾಲ್ಕನೇ ನಿಮಿಷ

ಮೂವತ್ತೆರಡು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿದವನು ನಾನು. ಅಲ್ಲಿ ನನ್ನನ್ನು ಎಲ್ಲರೂ ಡಾಕ್ಟರ್ ಅಂತಲೇ ಕರೆಯುತ್ತಿದ್ದರು. ಆ ಡಾಕ್ಟರನ್ನು ಈ ಹಳೇ ಬೈಕು ಎರಡು ವಾರದಿಂದ ಮಂಗ ಮಾಡುತ್ತಿತ್ತು.

ಹೊರಡುವಾಗ ಒಂದೇ ಕಿಕ್ಕಿಗೆ ಸ್ಟಾರ್ಟ್. ಕಾಲು ಗಂಟೆ ಓಡಿದ ಮೇಲೆ ಗೊರಗೊರ ಅಂದು ನಿಂತುಬಿಡುತ್ತಿತ್ತು. ಪೆಟ್ರೋಲ್ ಮುಗಿಯಿತೇನೋ ಎಂದು ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದರೆ ಬೇಕಾದಷ್ಟಿರುತ್ತಿತ್ತು. ಮುಚ್ಚಳ ಹಾಕಿ ಒದ್ದರೆ ಮತ್ತೆ ಸ್ಟಾರ್ಟ್! ಹೊಸ ಪ್ಲಗ್ ಹಾಕಿದೆ. ಕಾರ್ಬುರೇಟರನ್ನು ಮೂರು ಸಲ ಬಿಚ್ಚಿ ತೊಳೆದೆ. ಅದಕ್ಕೆ ಯಾವ ಶನಿ ವಕ್ಕರಿಸಿತ್ತೋ, ನನಗಂತೂ ತಲೆ ಕೆಟ್ಟುಹೋಯಿತು.

ಬರೀ ಬೈಕಿನ ಮಾತಾಗಿದ್ದರೆ ಗುಜರಿಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ನನ್ನ ಹೆಂಡತಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಬಸ್ಸು, ಆಟೋ ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಾಳೆ. ಬೈಕಿನಲ್ಲಿ ಗಾಳಿಗೆ ಮುಖ ಕೊಟ್ಟು ಕೂತರೆ ಹೇಗೋ ತಡೆದುಕೊಳ್ಳುತ್ತಾಳೆ. ನಿನ್ನೆ ಆಸ್ಪತ್ರೆಯ ದಾರಿಯಲ್ಲಿ ಬೈಕು ನಿಂತಾಗ, ಪೆಟ್ರೋಲ್ ಇದ್ದೇ ಇದೆಯಲ್ಲ ಎಂದು ಮುಚ್ಚಳ ಮುಟ್ಟದೆ ಪ್ಲಗ್ ಬಿಚ್ಚಲು ಕೂತೆ. ಮುಕ್ಕಾಲು ಗಂಟೆ ಅವಳು ಊದಿದ ಕಾಲು ಚಾಚಿಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದಳು. ಕೊನೆಗೆ ಹೇಗೋ ಸ್ಟಾರ್ಟ್ ಆಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸರದಿ ತಪ್ಪಿತ್ತು. ಸೋಮವಾರ ಬೆಳಗ್ಗೆ ಏಳಕ್ಕೆ ಬನ್ನಿ, ಇನ್ನೊಂದು ತಪ್ಪಿಸಿದರೆ ಜೀವಕ್ಕೇ ಅಪಾಯ ಎಂದರು ನರ್ಸು.

"ಸಾಕು ರೀ," ಎಂದಳು ಇವಳು ವಾಪಸ್ ಬರುವಾಗ. "ಸೋಮವಾರ ನಾನು ಬರಲ್ಲ."

"ಬೈಕ್ ಸರಿ ಮಾಡ್ತೀನಿ ಕಣೇ."

"ಮಾಡಿ," ಎಂದಳು. ಅಷ್ಟೇ.

ಇವತ್ತು ಭಾನುವಾರ. ಊಟವಾದ ಮೇಲೆ ಅಂಗಳದಲ್ಲಿ ಬೈಕನ್ನು ಸ್ಟ್ಯಾಂಡಿಗೆ ಹಾಕಿ ಸ್ಟಾರ್ಟ್ ಮಾಡಿದೆ. ಗಡಿಯಾರ ಹಿಡಿದುಕೊಂಡು ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತೆ. ಅವಳು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಹೊಲಿಗೆ ಮಿಷನ್ ತುಳಿದೇ ಮಕ್ಕಳನ್ನು ಓದಿಸಿದವಳು. ಈಗ ತುಳಿಯಲು ಕಾಲಿನಲ್ಲಿ ಶಕ್ತಿಯಿಲ್ಲ, ಆದರೂ ಸುಮ್ಮನಿರುವ ಜಾತಿಯಲ್ಲ, ಕೈಯಲ್ಲೇ ಹೊಲಿಯುತ್ತಾಳೆ. ಮನೆಯಲ್ಲಿ ಅಂಗಿ ತೊಡದ ಸಾಮಾನಿಲ್ಲ. ಟೀವಿಗೆ, ಮಿಕ್ಸಿಗೆ, ಕೊನೆಗೆ ರಿಮೋಟಿಗೂ. ಇತ್ತೀಚೆಗೆ ಬೈಕಿನ ಟ್ಯಾಂಕಿಗೂ ರೆಕ್ಸಿನ್ ಅಂಗಿ ಬಂದಿತ್ತು, ಮಳೆನೀರು ಇಳಿಯಬಾರದೆಂದು ಮುಚ್ಚಳಕ್ಕೆ ಎಲಾಸ್ಟಿಕ್ಕಿನ ಬಿಗಿ ಟೊಪ್ಪಿಗೆ ಬೇರೆ.

ಹದಿನಾಲ್ಕನೇ ನಿಮಿಷಕ್ಕೆ ಎಂಜಿನ್ ನಿಂತಿತು. ಒದ್ದೆ. ಒದ್ದೆ. ಮೂವತ್ತು ಸಲ ಒದ್ದೆನೋ ಏನೋ, ಮಂಡಿ ಕಿತ್ತುಬಂದ ಹಾಗಾಯಿತು. ಸ್ಪ್ಯಾನರನ್ನು ರಪ್ಪನೆ ನೆಲಕ್ಕೆಸೆದು ಕೂತುಬಿಟ್ಟೆ.

"ದಿನಾ ಮುಚ್ಚಳ ತೆಗೆದು ನೋಡ್ತಿದ್ರಲ್ಲ," ಎಂದಳು. "ಇವತ್ತು ನೋಡಲ್ವಾ?"

"ಅದರೊಳಗೇನು ನಿಧಿ ಇದೆಯಾ ನೋಡಕ್ಕೆ?" ಎಂದು ರೇಗಿದೆ. ರೇಗಿದವನೇ ಎದ್ದು, ಟೊಪ್ಪಿಗೆ ಎಳೆದು ಮುಚ್ಚಳ ತಿರುಗಿಸಿದೆ. ಸುಯ್ ಅಂತ ಗಾಳಿ ಒಳಗೆ ನುಗ್ಗಿದ ಸದ್ದು. ಮುಚ್ಚಳ ಹಾಕಿ ಒದ್ದೆ. ಒಂದೇ ಕಿಕ್ಕು!

ಥತ್! ಮುಚ್ಚಳದಲ್ಲಿ ಗಾಳಿಗೆಂದು ಸೂಜಿಮೊನೆಯಷ್ಟು ತೂತಿರುತ್ತದೆ. ಅದು ಮುಚ್ಚಿಹೋದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ನಾನು ಇಣುಕಲೆಂದು ತೆಗೆದಾಗಲೆಲ್ಲ ಗಾಳಿ ಒಳಗೆ ಹೋಗಿ ರೋಗ ಮಾಯವಾಗುತ್ತಿತ್ತು. ಡಾಕ್ಟರಿಗೆ ಅದೇ ಕಾಣಲಿಲ್ಲ.

"ಲೇ, ನೀನು ಹೊಲಿದ ಟೊಪ್ಪಿಗೇನೇ ಕಣೇ! ಟ್ಯಾಂಕಿಗೆ ಉಸಿರು ಕಟ್ಟಿಸಿಬಿಟ್ಟಿದ್ದೀಯ!" ಎಂದು ಕೂಗಿಬಿಟ್ಟೆ.

ಅವಳ ಮುಖ ಸಣ್ಣದಾಯಿತು. ನಾಲಿಗೆ ಕಚ್ಚಿಕೊಂಡೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

"ಹಂಗಾದ್ರೆ ನಿನ್ನೆ ಸರದಿ ತಪ್ಪಿದ್ದೂ ನನ್ನಿಂದಾನೇ," ಎಂದಳು.

"ಅಲ್ಲ ಕಣೇ ಮಾರಾಯ್ತಿ. ನೀನು ಹೊಲಿದೆ, ನಾನು ಅದನ್ನ ಗಮನಿಸ್ದೇ ಕೂತೆ. ತಪ್ಪು ನಂದು."

ಅವಳು ಗೋಡೆ ಹಿಡಿದುಕೊಂಡು ಎದ್ದು, ಒಳಗಿಂದ ಕತ್ತರಿ ತಂದು, ಟೊಪ್ಪಿಗೆಯನ್ನು ಗುಂಡಗೆ ಕತ್ತರಿಸಿ ತೆಗೆದಳು. ಎಂಜಿನ್ ಓಡುತ್ತಲೇ ಇತ್ತು. ಹದಿನಾಲ್ಕು ನಿಮಿಷ ದಾಟಿತು. ಇಪ್ಪತ್ತಾಯಿತು. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ.

"ನೋಡಿದ್ಯಾ? ನಾಳೆ ಆರೂವರೆಗೆ ಹೊರಡೋಣ," ಎಂದೆ ಖುಷಿಯಿಂದ.

ಅವಳು ಬೈಕಿನ ಕಡೆ ನೋಡಲಿಲ್ಲ. "ಬೈಕ್ ಕೆಟ್ಟಿದೆ ಅಂತ ಬರಲ್ಲ ಅಂದೆ ಅಂದ್ಕೊಂಡ್ರಾ? ನನಗೇ ಸಾಕಾಗಿದೆ ರೀ. ಆ ಸೂಜಿ, ಆ ಹಾಸಿಗೆ, ಆಮೇಲೆ ಎರಡು ದಿನದ ಸುಸ್ತು. ನಿಮ್ಮ ಮುಖ ನೋಡಿ ಹೇಳಕ್ಕಾಗದೆ ಇಷ್ಟು ದಿನ ಬಂದೆ."

ಬಿಚ್ಚಿ ನೋಡಿ ಸರಿಮಾಡುವ ಮಾತಾಗಿರಲಿಲ್ಲ ಅದು. ಎಂಜಿನ್ ಆಫ್ ಮಾಡಿ ಅವಳ ಪಕ್ಕದಲ್ಲಿ ಕೂತೆ.

"ನನಗೆ ಭಯ ಆಗತ್ತೆ ಕಣೇ," ಎಂದೆ. ನಲವತ್ತು ವರ್ಷದಲ್ಲಿ ಅವಳೆದುರು ಹೀಗೆಂದದ್ದು ಇದೇ ಮೊದಲು.

ಅವಳು ಗ್ರೀಸ್ ಮೆತ್ತಿದ ನನ್ನ ಕೈಯನ್ನು ಹಿಡಿದುಕೊಂಡಳು.

"ನಾಳೆ ಬರ್ತೀನಿ," ಎಂದಳು. "ನಾಳೆ ಒಂದಿನ. ಬುಧವಾರದ್ದನ್ನ ಈಗಲೇ ಕೇಳ್ಬೇಡಿ."

ನಾನು ಗಡಿಯಾರಕ್ಕೆ ನಾಳೆ ಬೆಳಗ್ಗೆಯ ಅಲಾರಂ ಇಟ್ಟೆ.