ಚಿನ್ನದ ಮುದ್ರೆಯ ಕಾಗದ

ನಮ್ಮ ಮನೆಯಲ್ಲಿ ಕಾಗದಪತ್ರದ ಮಾತು ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ತಿರುಗುತ್ತಿದ್ದರು ಎನ್ನಬೇಕು. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಜನರ ಅರ್ಜಿಗಳಲ್ಲಿ ತಪ್ಪು ಹುಡುಕಿ ನಿವೃತ್ತನಾದವನು ನಾನು. ಕಂತು ಕಟ್ಟಲು ತಡಮಾಡಿದವರು ಬರೆದ ಕಾರಣ ಓದಿ, ಕೆಳಗೆ ‘ಕಾರಣ ಸಮರ್ಪಕವಾಗಿಲ್ಲ’ ಎಂದು ಗೀಚುವುದೇ ನನ್ನ ಕೆಲಸವಾಗಿತ್ತು. ಅಕ್ಕನ ಮಕ್ಕಳು ನನಗೆ ರೂಲ್ಸ್ ಮಾಮ ಎಂದು ಹೆಸರಿಟ್ಟಿದ್ದರು. ಗದರಿದ ಹಾಗೆ ಮಾಡಿ ಒಳಗೊಳಗೇ ಉಬ್ಬುತ್ತಿದ್ದೆ.

ಆ ಶುಕ್ರವಾರ ಪೇಟೆಂಟ್ ಏಜೆಂಟ್ ಮೇಡಂ ಅವರ ಮೇಜಿನ ಮುಂದೆ ಅಕ್ಕನ ಪಕ್ಕ ಕೂತಾಗ ಮಾತ್ರ ಕಾಗದಪತ್ರದ ಮಾತೇ ನನಗೆ ಬೇಡವಾಗಿತ್ತು.

ಅಕ್ಕನದು ಬ್ಯಾಗು ರಿಪೇರಿ ಅಂಗಡಿ. ಭಾವನಿಗೆ ಸೊಂಟ ಮುರಿದು ಊರುಗೋಲು ಬಂದಮೇಲೆ, ಅದು ದಿನಕ್ಕೆ ಹತ್ತು ಸಲ ಗೋಡೆಯಿಂದ ಜಾರಿ ಬೀಳುತ್ತಿತ್ತು. ಬಗ್ಗಿ ಎತ್ತಿಕೊಳ್ಳಲು ಅವರಿಂದ ಆಗುತ್ತಿರಲಿಲ್ಲ. ಅಕ್ಕ ಹಳೆಯ ಸೂಟ್‌ಕೇಸಿನ ಹಿಡಿಯಿಂದ ಸ್ಪ್ರಿಂಗು ಕಿತ್ತು, ಕೈ ಬಿಟ್ಟ ಕೂಡಲೇ ತಾನೇ ಬಿಚ್ಚಿಕೊಂಡು ಊರುಗೋಲನ್ನು ನಿಲ್ಲಿಸುವ ಪುಟ್ಟ ಮುಕ್ಕಾಲಿ ಮಾಡಿದಳು. ಈ ಮೇಡಂ ಅರ್ಜಿ ಹಾಕಿಕೊಟ್ಟು ಅದಕ್ಕೆ ಪೇಟೆಂಟ್ ಸಿಕ್ಕಿತು. ಈಗ ಊರುಗೋಲು ಮಾಡುವ ಕಂಪನಿಯೊಂದು ಅದನ್ನು ತಾನು ತಯಾರಿಸುತ್ತೇನೆಂದು ಒಪ್ಪಂದಕ್ಕೆ ಬಂತು. ದಾಖಲೆ ತೆಗೆದು ನೋಡಿದರೆ, ಶುಲ್ಕ ಕಟ್ಟದೆ ಪೇಟೆಂಟ್ ರದ್ದಾಗಿದೆ.

“ಪೇಟೆಂಟ್ ಸಿಕ್ಕಿದ್ರೆ ಮುಗೀಲಿಲ್ಲ,” ಎಂದರು ಮೇಡಂ. “ಅದು ಉಳೀಬೇಕಾದ್ರೆ ನವೀಕರಣ ಶುಲ್ಕ ಕಟ್ತಾ ಹೋಗ್ಬೇಕು. ಗಡುವು ದಾಟಿದ್ರೆ ಆರು ತಿಂಗಳು ದಂಡದ ಜೊತೆ ಕಟ್ಬಹುದು. ಅದೂ ದಾಟಿದೆ. ಈಗ ಉಳಿದಿರೋದು ಮತ್ತೆ ಜಾರಿಗೆ ತನ್ನಿ ಅಂತ ಅರ್ಜಿ ಹಾಕೋದು. ಸೋಮವಾರ ಕೊನೆ ದಿನ. ಬೇಕಂತ ಬಿಟ್ಟಿದ್ದಲ್ಲ ಅಂತ ಪೇಟೆಂಟ್ ಕಚೇರಿಯವ್ರಿಗೆ ನಂಬಿಕೆ ಬರ್ಬೇಕು. ನಡೆದಿದ್ದನ್ನ ನಡೆದ ಹಾಗೆ ಬರೆದು ಸಹಿ ಮಾಡ್ಬೇಕು. ಸುಳ್ಳು ಬರೆದು ಆಮೇಲೆ ಸಿಕ್ಕಿಬಿದ್ರೆ ಇದ್ದಬದ್ದದ್ದೂ ಹೋಗುತ್ತೆ.”

“ನಾನೇ ಮರೆತೆ ಅಂತ ಬರ್ಕೊಳಿ,” ಎಂದಳು ಅಕ್ಕ.

“ಎರಡು ಸಲ ನೋಟಿಸ್ ಹೋಗಿದೆ. ವಿಳಾಸ ಸರ್ ಮನೇದು,” ಎಂದು ಮೇಡಂ ನನ್ನ ಕಡೆ ನೋಡಿದರು.

“ಹುಡುಕಿ ಹೇಳ್ತೀನಿ,” ಎಂದೆ. ಹುಡುಕುವುದೇನು ಮಣ್ಣು. ಎರಡನ್ನೂ ನನ್ನ ಕೈಯಾರೆ ಹರಿದು ಬಿಸಾಡಿದ್ದೆ.

ಮೂರು ವರ್ಷದ ಹಿಂದೆ, ಪೇಟೆಂಟ್ ಸಿಕ್ಕ ತಿಂಗಳಲ್ಲೇ, ಅಕ್ಕನ ಹೆಸರಿಗೆ ದಪ್ಪ ಕಾಗದವೊಂದು ಬಂದಿತ್ತು. ‘ವಿಶ್ವ ನೋಂದಣಿ’ ಎಂಬ ತಲೆಬರಹ, ಪೇಟೆಂಟಿನ ಸಂಖ್ಯೆ, ನೋಂದಣಿ ಶುಲ್ಕವೆಂದು ಕಟ್ಟಬೇಕಾದ ಮೊತ್ತ, ಹತ್ತು ದಿನದ ಗಡುವು. ಏಜೆಂಟ್ ಮೇಡಂಗೆ ಒಂದು ಮಾತು ಕೇಳೋಣ ಎಂದಳು ಅಕ್ಕ. ನನಗೆ ಮೂಗಿನ ತುದಿಗೆ ಕೋಪ ಬಂತು. “ನಾನೇನು ಕಡ್ಲೆಕಾಯಿ ಮಾರ್ತಿದ್ನಾ ಮೂವತ್ತು ವರ್ಷ?” ಎಂದು ರೇಗಿ, ಅವಳ ಅಂಗಡಿಯ ಉಳಿತಾಯದಿಂದಲೇ ಕಟ್ಟಿಸಿದೆ. ಸಾಲದೆಂದು, ಇನ್ನುಮೇಲೆ ಏಜೆಂಟ್ ಬೇಡ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದು ಪೇಟೆಂಟ್ ಕಚೇರಿಯಲ್ಲಿ ನನ್ನ ಮನೆಯ ವಿಳಾಸ ಬರೆಸಿದೆ. ಸ್ವಲ್ಪ ದಿನಕ್ಕೆ ಪ್ರಮಾಣಪತ್ರ ಬಂತು, ಅಂಗೈಯಗಲದ ಚಿನ್ನದ ಮುದ್ರೆ ಬೇರೆ. ಚೌಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ನಾನೇ ಮೊಳೆ ಹೊಡೆದೆ. ದಿನಾ ಸಂಜೆ ಅಲ್ಲಿ ಕೂತು ಗಿರಾಕಿಗಳಿಗೆ ಅದನ್ನು ತೋರಿಸಿ ನವೀಕರಣ, ಗಡುವು, ದಂಡ ಎಂದು ಪಾಠ ಮಾಡುತ್ತಿದ್ದೆ.

ಮಾರನೆಯ ವರ್ಷ ಪತ್ರಿಕೆಯಲ್ಲಿ ಅದೇ ತಲೆಬರಹ, ಅದೇ ಮುದ್ರೆಯ ಚಿತ್ರ ನೋಡಿದೆ. ಪೇಟೆಂಟ್ ಪಡೆದವರ ವಿಳಾಸ ಹುಡುಕಿ ಟೋಪಿ ಹಾಕುವವರ ಕಾಗದವಂತೆ. ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡೆ, ಯಾರೂ ನೋಡಬಾರದೆಂದು. ಚೌಕಟ್ಟು ಕೆಳಗಿಳಿಸಿದರೆ ಯಾಕೆಂದು ಹೇಳಬೇಕಲ್ಲ. ಹಾಗಾಗಿ ಅದು ಅಲ್ಲೇ ತೂಗುತ್ತಿತ್ತು, ಗಿರಾಕಿಗಳಿಗೆ ಪಾಠ ಮಾಡುವುದನ್ನೂ ನಾನು ನಿಲ್ಲಿಸಲಿಲ್ಲ. ಪೇಟೆಂಟಿನ ಫೈಲನ್ನು ಮಂಚದ ಕೆಳಗೆ ತಳ್ಳಿದೆ. ನಿಜವಾದ ಶುಲ್ಕದ ದಿನಾಂಕ ಇದ್ದದ್ದೂ ಅದರಲ್ಲೇ. ಆಮೇಲೆ ತೆಳ್ಳನೆಯ ಬಡ ಲಕೋಟೆಯಲ್ಲಿ ಅಸಲಿ ನೋಟಿಸ್ ಎರಡು ಸಲ ಬಂದಾಗಲೂ, ‘ಶುಲ್ಕ’ ಎಂಬ ಪದ ಕಂಡದ್ದೇ ತಡ, ಮೈ ಉರಿದು ಹರಿದೆ. ಮತ್ತೂ ಟೋಪಿ ಹಾಕಲು ಬಂದರೆಂದುಕೊಂಡೆ. ಮೇಡಂಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಿದರೆ ಮೊದಲಿನದ್ದೂ ಬಾಯಿಬಿಡಬೇಕಾಗುತ್ತಿತ್ತು, ಮಾಡಲಿಲ್ಲ.

ಭಾನುವಾರ ಬೆಳಗ್ಗೆ ಕಾರಣ ಬರೆಯಲು ಕೂತೆ. ಒಂದು ಪುಟಕ್ಕೆ ಆರು ಪುಟ ಹಾಳಾಯಿತು. ‘ಅಂಚೆಯ ಗೊಂದಲದಿಂದ’ ಎಂದು ಬರೆದೆ, ಹೊಡೆದುಹಾಕಿದೆ. ‘ಅನಾರೋಗ್ಯದ ನಿಮಿತ್ತ’ ಎಂದು ಬರೆದೆ. ಇಂಥ ಸಾಲುಗಳನ್ನು ಎಷ್ಟು ಸಲ ತಿರಸ್ಕರಿಸಿಲ್ಲ ನಾನು. ಕೊನೆಗೆ ಹಲ್ಲು ಕಚ್ಚಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಮೋಸಹೋದದ್ದು, ಮುಚ್ಚಿಟ್ಟದ್ದು, ಹರಿದದ್ದು. ಅಕ್ಕನ ಮೇಲೆ ಏನೂ ಬರಬಾರದೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದೆ.

ಅಂಗಡಿಗೆ ಹೋಗಿ ಅವಳ ಹೊಲಿಗೆ ಯಂತ್ರದ ಮೇಲೆ ಅದನ್ನಿಟ್ಟೆ. ಭಾವ ಮೂಲೆಯ ಕುರ್ಚಿಯಲ್ಲಿದ್ದರು, ಪಕ್ಕದಲ್ಲಿ ಊರುಗೋಲು ತನ್ನಷ್ಟಕ್ಕೆ ನಿಂತಿತ್ತು. ಅಕ್ಕ ಕನ್ನಡಕ ಏರಿಸಿ ನಿಧಾನಕ್ಕೆ ಓದಿದಳು. ನಾನು ನೆಲ ನೋಡುತ್ತಿದ್ದೆ. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

“ಎಲ್ಲ ಸರಿ ಇದೆ ಪುಟ್ಟ. ಈ ಕೊನೆ ಸಾಲು ಮಾತ್ರ ಸುಳ್ಳು.”

ಅವಳ ಬೆರಳು ‘ಪ್ರಮಾಣಪತ್ರ ನಕಲಿಯೆಂದು ನನ್ನ ಅಕ್ಕನಿಗೆ ಗೊತ್ತಿರಲಿಲ್ಲ’ ಎಂಬುದರ ಮೇಲಿತ್ತು.

“ಏನು ಸುಳ್ಳು?”

“ಎರಡು ವರ್ಷದ ಹಿಂದೆ ಏಜೆಂಟ್ ಮೇಡಂ ಬ್ಯಾಗಿಗೆ ಜಿಪ್ ಹಾಕಿಸೋಕೆ ಬಂದಿದ್ರು. ಗೋಡೆ ನೋಡಿದ ತಕ್ಷಣ ಹೇಳಿದ್ರು.”

ಎರಡು ವರ್ಷ. ಅಷ್ಟೂ ಸಂಜೆ ಅವಳು ಹೊಲಿಯುತ್ತಾ, ಭಾವ ಚಹಾ ಹೀರುತ್ತಾ, ನನ್ನ ಪಾಠ ಕೇಳಿಸಿಕೊಂಡಿದ್ದರು. ಭಾವನ ಕಡೆ ನೋಡಿದೆ. ಅವರು ಚಹಾ ಲೋಟದೊಳಗೆ ನೋಡುತ್ತಿದ್ದರು.

“ಹೇಳ್ಬಾರ್ದಿತ್ತಾ?” ಎಂದೆ. ಈ ಹೊತ್ತಲ್ಲೂ ನನ್ನ ದನಿ ರೇಗಿಕೊಂಡೇ ಬಂತು.

“ಹೇಳಿದ್ರೆ ಮಾರನೇ ದಿನದಿಂದ ನೀನು ಇಲ್ಲಿಗೆ ಬರೋದು ಬಿಡ್ತಿದ್ದೆ. ಅಸಲಿ ಶುಲ್ಕ ಕಟ್ತಿರ್ತೀಯ ಅಂದ್ಕೊಂಡೆ. ಅದೊಂದು ನಾನು ಕೇಳ್ಬೇಕಿತ್ತು, ಕೇಳಿದ್ರೆ ನನಗೆ ಗೊತ್ತಾಗಿದೆ ಅಂತ ನಿನಗೆಲ್ಲಿ ಅನುಮಾನ ಬರುತ್ತೋ ಅಂತ ಸುಮ್ಮನಾದೆ.”

ನನ್ನ ಪೆನ್ನು ಇಸಿದುಕೊಂಡು ಆ ಸಾಲನ್ನು ಹೊಡೆದಳು. ಕೆಳಗೆ ತನ್ನ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಳು: ‘ನನಗೆ ಗೊತ್ತಿತ್ತು. ಹೇಳಿದರೆ ತಮ್ಮನಿಗೆ ನಾಚಿಕೆಯಾಗುತ್ತದೆ ಎಂದು ಶುಲ್ಕದ ಮಾತು ಎತ್ತಲಿಲ್ಲ.’ ಸಹಿ ಹಾಕಿದಳು.

“ಇದು ಕಾರಣ ಅಂತ ಒಪ್ತಾರೇನೋ?” ಎಂದು ಕೇಳಿದಳು.

ಮೂವತ್ತು ವರ್ಷದಲ್ಲಿ ಇಂಥದೊಂದು ಕಾರಣ ನನ್ನ ಮೇಜಿಗೆ ಬಂದಿದ್ದರೆ ಏನು ಬರೆಯುತ್ತಿದ್ದೆನೆಂದು ನನಗೆ ಗೊತ್ತಿತ್ತು. ಸ್ಟೂಲು ಹತ್ತಿ ಚೌಕಟ್ಟು ಕೆಳಗಿಳಿಸಿ, ಚಿನ್ನದ ಮುದ್ರೆಯ ಕಾಗದವನ್ನು ಬಿಚ್ಚಿ ಅರ್ಜಿಯ ಜೊತೆ ಪಿನ್ನು ಮಾಡಿದೆ. ಸೋಮವಾರ ಪೇಟೆಂಟ್ ಕಚೇರಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು, ಅಕ್ಕನ ಸಾಲಿನಲ್ಲಿ ಒಂದಕ್ಷರವನ್ನೂ ತಿದ್ದದೆ ಸಲ್ಲಿಸಿದೆ. ಕಿಟಕಿಯಾಚೆಯ ಗುಮಾಸ್ತ ಅದನ್ನು ಓದುವಷ್ಟು ಹೊತ್ತೂ ಅಲ್ಲೇ ನಿಂತಿದ್ದೆ.